ಚೀನೀ ಹೋಟೆಲಿನಲ್ಲಿ ಭಾಗವತರ ಮೌನ

ಗಲ್ಫಿಗೆ ಹೋಗಿ ಬಂದೆ ಎಂದರೆ ಊರಿನವರು ಕೇಳುವುದು ಎರಡೇ ಪ್ರಶ್ನೆ. ಆ ಎತ್ತರದ ಕಟ್ಟಡ ಹತ್ತಿದಿರಾ, ಚಿನ್ನ ತಂದಿರಾ. ಎರಡಕ್ಕೂ ನನ್ನಲ್ಲಿ ಹೇಳಿಕೊಳ್ಳುವಂಥ ಉತ್ತರ ಇಲ್ಲ. ಅಲ್ಲಿದ್ದ ಒಂದು ವಾರದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಅಬುಧಾಬಿಯ ಒಂದು ಚೀನೀ ಹೋಟೆಲಿನ ಒಳಗೆ. ಅದರ ವಿಷಯ ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಂಡಿದ್ದೇನೆ. ಬರೆಯಲು ಕೂತಾಗೆಲ್ಲ ಏನೋ ನೆಪ ತೆಗೆದು ಎದ್ದು ಹೋಗಿದ್ದೇನೆ. ಇವತ್ತು ಏಳುವುದಿಲ್ಲ.

ನಾನು ಮದ್ದಳೆ ಬಾರಿಸುವವನು. ಹೊಟ್ಟೆಪಾಡಿಗೆ ಪುತ್ತೂರಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತಗಿರಿ, ಉಳಿದ ಹೊತ್ತೆಲ್ಲ ಯಕ್ಷಗಾನ. ಇಪ್ಪತ್ತಮೂರು ವರ್ಷ ಒಬ್ಬರೇ ಭಾಗವತರ ಪಕ್ಕ ಕೂತು ಬಾರಿಸಿದ್ದೇನೆ. ಅವರು ವಾಸು ಭಾಗವತರು, ನನಗೆ ವಾಸಣ್ಣ. ಯಕ್ಷಗಾನ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ವೇಷಗಳು ಕುಣಿಯುತ್ತವೆ, ಮಾತಾಡುತ್ತವೆ, ಚಪ್ಪಾಳೆಯೂ ಅವಕ್ಕೇ ಸಿಗುತ್ತದೆ. ಆದರೆ ಇಡೀ ಆಟ ನಡೆಯುವುದು ಹಿಂದೆ ಕೂತು ಪದ, ಅಂದರೆ ಆಟದ ಹಾಡು, ಹೇಳುವ ಭಾಗವತರ ಗಂಟಲಿನ ಮೇಲೆ. ಅದು ನಿಂತರೆ ಆಟ ನಿಂತಿತು.

ಎಲೆಕ್ಟ್ರಾ ಸ್ಟ್ರೀಟ್, ಭಾನುವಾರ

ನಮ್ಮನ್ನು ಕರೆಸಿದ್ದು ಅಲ್ಲಿನ ಕರಾವಳಿಯವರ ಒಂದು ಕೂಟ. ಅದರ ಪರವಾಗಿ ಓಡಾಡಿದವರು ಕಾರ್ಕಳದ ಹರೀಶಣ್ಣ. ಅಬುಧಾಬಿಯ ಹೊರವಲಯದ ಮುಸಫ್ಫಾದಲ್ಲಿ ತೈಲ ಕಂಪೆನಿಗಳ ಯಂತ್ರ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಅವರು ಮ್ಯಾನೇಜರ್. ಅವರಲ್ಲಿಗೆ ಬರುವ ಚೀನೀ ಎಂಜಿನಿಯರುಗಳು ಇಳಿದುಕೊಳ್ಳುವ ಹೋಟೆಲಿನಲ್ಲೇ ನಮಗೂ ಒಂದು ಕೋಣೆ ಹೇಳಿದ್ದರು. ವೇಷಧಾರಿಗಳೆಲ್ಲ ಅಲ್ಲಿಯೇ ಕೆಲಸದಲ್ಲಿರುವ ಹವ್ಯಾಸಿಗಳು. ಊರಿನಿಂದ ಹೋದವರು ನಾವಿಬ್ಬರೇ.

"ಕ್ಲೀನ್ ಉಂಟು ಭಾಗವತರೇ, ಶಬ್ದ ಮಾತ್ರ ಸ್ವಲ್ಪ ಜಾಸ್ತಿ," ಎಂದು ಹರೀಶಣ್ಣ ಕಾರಿನಲ್ಲೇ ಎಚ್ಚರಿಸಿದರು. ಹಿಂದಿನ ಸೀಟಿನಲ್ಲಿದ್ದ ವಾಸಣ್ಣ ತಲೆಯಾಡಿಸಿದರು, ಮಾತಾಡಲಿಲ್ಲ.

"ಮೌನವ್ರತ," ಎಂದೆ ನಾನು. "ಆಟದವರೆಗೆ."

"ಹೌದಾ! ಈಗಿನ ಕಾಲದಲ್ಲಿ ಯಾರು ಮಾಡ್ತಾರೆ ಮಾರಾಯ್ರೆ ಅಷ್ಟೆಲ್ಲ," ಎಂದು ಹರೀಶಣ್ಣ ಸ್ಟಿಯರಿಂಗ್ ಬಿಟ್ಟು ಕೈ ಮುಗಿದರು. ನನಗೆ ಕಾರಿನ ಭಯವೂ ಆಯಿತು, ಸುಳ್ಳಿನ ನಾಚಿಕೆಯೂ ಆಯಿತು.

ನಿಜ ಏನೆಂದರೆ, ಹೊರಡುವ ಹತ್ತು ದಿನ ಮೊದಲು ಮಂಗಳೂರಿನ ಗಂಟಲು ಡಾಕ್ಟರರು ವಾಸಣ್ಣನ ಸ್ವರತಂತುವಿನ ಮೇಲೆ ಒಂದು ಗಂಟು ಕಂಡಿದ್ದರು. ಆಪರೇಷನ್ ಆಗಲೇಬೇಕು. ಆಮೇಲೆ ಮಾತು ಬರುತ್ತದೆ, ಹಾಡುವ ಸ್ವರದ ಬಗ್ಗೆ ಏನೂ ಹೇಳಲಾಗದು ಎಂದರು. ವಾಸಣ್ಣ ಅವರ ಮುಂದೆ ಒಂದು ಬೆರಳು ಎತ್ತಿ ಹಿಡಿದರು. ಒಪ್ಪಿಕೊಂಡದ್ದು ಒಂದು ಆಟ ಇದೆ, ಅದೊಂದನ್ನು ಮುಗಿಸುತ್ತೇನೆ. ಡಾಕ್ಟರರು ಬೈದರು. ಅವರು ಬೆರಳು ಇಳಿಸಲಿಲ್ಲ. ಕೊನೆಗೆ, ಹಾಗಾದರೆ ಅಲ್ಲಿಯವರೆಗೆ ಒಂದು ಶಬ್ದವೂ ಆಡಬಾರದು, ಪಿಸುಮಾತು ಕೂಡ ಕೂಡದು, ಸ್ವರ ಉಳಿದರೆ ನಿಮ್ಮ ಅದೃಷ್ಟ ಎಂದು ಕಳಿಸಿದರು. ಈ ಗುಟ್ಟು ಗೊತ್ತಿದ್ದದ್ದು ವಾಸಣ್ಣನ ಹೆಂಡತಿ ಸರೋಜಕ್ಕನಿಗೆ ಮತ್ತು ನನಗೆ.

ಎಲೆಕ್ಟ್ರಾ ಸ್ಟ್ರೀಟಿನ ಆ ಹೋಟೆಲಿನ ಹೆಸರು ದೊಡ್ಡದಾಗಿ ಚೀನೀ ಲಿಪಿಯಲ್ಲಿತ್ತು. ಅರಬ್ಬಿಯೂ ಇಂಗ್ಲಿಷೂ ಅದರ ಕಾಲ ಬುಡದಲ್ಲಿ ಚಿಕ್ಕದಾಗಿ ಕೂತಿದ್ದವು. ಒಳಗೆ ಹೋದರೆ ಲಾಬಿಯೋ ಗೋದಾಮೋ ತಿಳಿಯುವುದಿಲ್ಲ. ಸೋಫಾಗಳ ನಡುವೆ ರಟ್ಟಿನ ಪೆಟ್ಟಿಗೆಗಳು, ಟೀಪಾಯಿಗಳ ಮೇಲೆ ನಲ್ಲಿ, ಟೈಲ್ಸು, ಸ್ವಿಚ್ಚುಗಳ ಸ್ಯಾಂಪಲ್ಲು. ಅದರ ಸುತ್ತ ನಾಲ್ಕಾರು ಜನ ಜಗಳವೋ ವ್ಯಾಪಾರವೋ ಗೊತ್ತಾಗದ ಸ್ವರದಲ್ಲಿ ಮಾತಾಡುತ್ತಿದ್ದರು. ಮೂಲೆಯ ಗಾಜಿನ ತೊಟ್ಟಿಯಲ್ಲಿ ಕೆಂಪು ಮೀನುಗಳು ಮಾತ್ರ ಯಾವ ಗಡಿಬಿಡಿಯೂ ಇಲ್ಲದೆ ಈಜುತ್ತಿದ್ದವು.

ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಪಾಸ್‌ಪೋರ್ಟು ತೆರೆದವಳೇ, "ಪುತ್ತೂರಾ ಸರ್? ನಂದು ಕಿನ್ನಿಗೋಳಿ," ಎಂದಳು. ಹೆಸರು ವಿಲ್ಮಾ. ಮನೆಮಾತು ಕೊಂಕಣಿ, ಈ ಹೋಟೆಲಿನಲ್ಲಿ ಆರು ವರ್ಷ. ಬಟ್ಟೆಯಲ್ಲಿ ಸುತ್ತಿದ ನನ್ನ ಮದ್ದಳೆಯನ್ನು ನೋಡಿ ನಮ್ಮ ಹಿಂದೆ ಸಾಲಿನಲ್ಲಿದ್ದವರು ಏನೋ ಕೇಳಿದರು. ಅವಳು ಗಾಳಿಯಲ್ಲೇ ಎರಡು ಕೈಯಿಂದ ಬಾರಿಸಿ ತೋರಿಸಿದಳು. ಅವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ.

ಲಿಫ್ಟಿನಲ್ಲಿ ಮೂರರ ನಂತರ ಐದು. ನಾಲ್ಕು ಎಲ್ಲಿ ಎಂದು ಕೇಳಿದರೆ, "ಅವರಿಗೆ ಆಗುವುದಿಲ್ಲ ಸರ್ ಆ ನಂಬರ್, ಸಾವು ಅಂದ ಹಾಗೆ ಕೇಳ್ತದಂತೆ. ಬಿಟ್ಟೇಬಿಟ್ಟಿದ್ದಾರೆ," ಎಂದಳು ವಿಲ್ಮಾ. ರಾಹುಕಾಲ ನೋಡದೆ ಮನೆಯಿಂದ ಕಾಲು ಹೊರಗಿಡದ ನಾವು ನಗುವ ಹಾಗಿರಲಿಲ್ಲ. ನಮಗೆ ಎಂಟನೇ ಮಹಡಿ ಕೊಟ್ಟಿದ್ದರು. ಅದು ಅವರಿಗೆ ಬಹಳ ಒಳ್ಳೆಯ ಸಂಖ್ಯೆಯಂತೆ.

ಸೋಮವಾರ, ಗಂಜಿ

ಬೆಳಿಗ್ಗೆ ಆರಕ್ಕೆ ಎಚ್ಚರವಾದದ್ದು ಪಕ್ಕದ ಕೋಣೆಯವರು ಗಂಟಲು ಕೆರೆದು ಉಗುಳುವ ಸದ್ದಿಗೆ. ಅದು ಮುಗಿಯುವಷ್ಟರಲ್ಲಿ ಎದುರಿನ ಕೋಣೆಯಲ್ಲಿ ಶುರುವಾಯಿತು. ಆಮೇಲೆ ಇಡೀ ಮಹಡಿ. ವಾಸಣ್ಣ ಹಾಸಿಗೆಯ ಮೇಲೆ ಎದ್ದು ಕೂತು ಕೇಳುತ್ತಿದ್ದರು. ಜೇಬಿನಿಂದ ಪುಟ್ಟ ನೋಟ್‌ಪುಸ್ತಕ ತೆಗೆದು ಬರೆದರು: "ಇಷ್ಟು ಜನರಿಗೆ ಗಂಟಲು ಸರಿ ಉಂಟು." ನಾವಿಬ್ಬರು ಮಾತಾಡುವುದು ತುಳು, ಬರೆಯುವುದು ಕನ್ನಡ. ಆ ವಾರ ವಾಸಣ್ಣ ಬರೇ ಕನ್ನಡದವರಾಗಿದ್ದರು.

ತಿಂಡಿಯ ಹಾಲಿನಲ್ಲಿ ಬಫೆ. ನಾನು ಹೆದರಿಕೊಂಡೇ ಹೋಗಿದ್ದೆ. ಮುಚ್ಚಳ ತೆಗೆದು ನೋಡಿದರೆ ಗಂಜಿ! ನಮ್ಮ ಕುಚ್ಚಲಕ್ಕಿಯದ್ದಲ್ಲ, ಬಿಳಿಯ ಬೆಳ್ತಿಗೆ ಅಕ್ಕಿಯನ್ನು ಅಗುಳೇ ಕಾಣದ ಹಾಗೆ ಕುದಿಸಿದ್ದು. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ತರಕಾರಿ, ಹುರಿದ ನೆಲಗಡಲೆ, ಬೇಯಿಸಿದ ಮೊಟ್ಟೆ, ಉಪ್ಪೂ ಇಲ್ಲ ಹುಳಿಯೂ ಇಲ್ಲ ಎನ್ನುವಂಥ ದೊಡ್ಡ ಬಿಳಿ ಉಂಡೆಗಳು. ಸಾವಿರಾರು ಮೈಲಿ ಹಾರಿ ಬಂದು ಬೆಳಿಗ್ಗೆ ಗಂಜಿಗೆ ಕೂತೆವಲ್ಲ ಎಂದು ನನಗೆ ಖುಷಿಯಾಯಿತು. ಬಟ್ಟಲನ್ನು ಬಾಯಿಯ ಹತ್ತಿರ ಎತ್ತಿ ಸುರ್ರೆಂದು ಎಳೆಯುವ ಅವರ ರೀತಿ ನೋಡಿ ನಾನೂ ಹಾಗೇ ಮಾಡಿದೆ. ಯಾರೂ ತಿರುಗಿ ನೋಡಲಿಲ್ಲ. ಮಂಗಳೂರಿನ ಯಾವ ಹೋಟೆಲಿನಲ್ಲೂ ನನಗೆ ಅಷ್ಟು ಸಲೀಸಾಗಿ ಉಣ್ಣಲು ಆಗಿಲ್ಲ.

ವಾಸಣ್ಣನಿಗೆ ಇಷ್ಟವಾದದ್ದು ಬೇರೆ. ಆ ಹೋಟೆಲಿನಲ್ಲಿ ಯಾರೂ ತಣ್ಣೀರು ಕುಡಿಯುವುದಿಲ್ಲ. ಹೊರಗೆ ನೆಲ ಸುಡುವ ಬಿಸಿಲು, ಇವರ ಕೈಯಲ್ಲಿ ಮಾತ್ರ ಹಬೆಯಾಡುವ ಲೋಟ. ಪ್ರತಿಯೊಬ್ಬನದೂ ಒಂದು ಸ್ವಂತ ಫ್ಲಾಸ್ಕ್. "ಆರು ವರ್ಷದಲ್ಲಿ ನಾನು ಕಲಿತ ಚೀನೀ ಭಾಷೆ ಎಂತ ಗೊತ್ತುಂಟಾ ಸರ್? ಬಿಸಿನೀರು. ಅದೊಂದು ಗೊತ್ತಿದ್ರೆ ಇಲ್ಲಿ ಕೆಲಸ ಮಾಡ್ಬಹುದು," ಎಂದಳು ವಿಲ್ಮಾ. ಊರಿನಲ್ಲಿ ಆಟದ ದಿನ ಬಿಸಿನೀರು ಕೇಳಿದರೆ ಕೋಲ್ಡ್ ಡ್ರಿಂಕ್ ತಂದು ಒತ್ತಾಯ ಮಾಡುವವರನ್ನು ಕಂಡ ವಾಸಣ್ಣನಿಗೆ ಇದೊಂದು ಸ್ವರ್ಗ. ಮಾತಾಡದೆ, ಬಿಸಿನೀರು ಗುಟುಕರಿಸುತ್ತ ಕೂತ ಈ ಬಿಳಿ ಕೂದಲಿನ ಯಜಮಾನರ ಮೇಲೆ ಹಾಲಿನವರಿಗೆಲ್ಲ ಎರಡೇ ದಿನದಲ್ಲಿ ಗೌರವ ಹುಟ್ಟಿತು. ನಾನು ಹೋದರೆ ತಲೆಯಾಡಿಸುತ್ತಿದ್ದರು, ಅವರು ಹೋದರೆ ಕುರ್ಚಿ ಎಳೆದು ಕೊಡುತ್ತಿದ್ದರು.

ಮಂಗಳವಾರ, ಮದ್ದಳೆ ಮತ್ತು ಬಾತ್‌ಟಬ್

ಮದ್ದಳೆಯ ಚರ್ಮಕ್ಕೆ ಎ.ಸಿ. ಶತ್ರು. ಒಣಗಿ ಬಿಗಿದರೆ ಶ್ರುತಿ ಮೇಲೆ ಹೋಗುತ್ತದೆ, ಹೆಚ್ಚಾದರೆ ಬಿರುಕು ಬಿಡುತ್ತದೆ. ಕೋಣೆಯ ಎ.ಸಿ. ಆರಿಸುವ ಸ್ವಿಚ್ಚು ಎಲ್ಲಿದೆ ಎಂದು ಹುಡುಕಿ ಸೋತು, ನಾನು ಹಬೆ ತಾಗಲೆಂದು ಬಾತ್‌ಟಬ್ಬಿನಲ್ಲಿ ಸ್ವಲ್ಪ ಬಿಸಿನೀರು ಬಿಟ್ಟು ಅದರ ಮೇಲೆ ಕಪಾಟಿನ ಎರಡು ಹಲಗೆ ಅಡ್ಡ ಇಟ್ಟು ಮದ್ದಳೆಯನ್ನು ಒರಗಿಸಿ, ಟವೆಲು ಹೊದೆಸಿ, ಹರೀಶಣ್ಣನ ಜೊತೆ ಮೀನಾ ಬಂದರಿನ ಮೀನು ಮಾರುಕಟ್ಟೆ ನೋಡಲು ಹೋದೆ. ಅಲ್ಲಿ ಮೀನು ಮಾರುವವರು, ಹೆಚ್ಚುವವರು, ಕೊಳ್ಳುವವರು ಎಲ್ಲರೂ ಬೇರೆ ಬೇರೆ ದೇಶದವರು. ಮೀನು ಮಾತ್ರ ನಮ್ಮ ಮಲ್ಪೆ ಬಂದರಿನಲ್ಲಿ ಸಿಗುವಂಥವೇ. ಅಂಜಲ್ ಮೀನು ನೋಡಿ ವಾಸಣ್ಣನಿಗೆ ಹೇಳಬೇಕು ಅಂದುಕೊಂಡೆ. ಹೇಳಿದರೆ ಅವರು ಉತ್ತರ ಕೊಡಲು ಬಾಯಿ ತೆರೆಯಬಹುದು ಎಂದು ಸುಮ್ಮನಾದೆ.

ವಾಪಸು ಬಂದರೆ ನಮ್ಮ ಕೋಣೆಯ ಬಾಗಿಲಲ್ಲಿ ಜಾತ್ರೆಯೇ ನೆರೆದಿತ್ತು. ಕ್ಲೀನಿಂಗಿಗೆ ಬಂದ ಹೆಂಗಸು ಟವೆಲು ಹೊದ್ದು ಟಬ್ಬಿನಲ್ಲಿ ಮಲಗಿದವರು ಯಾರೋ ಎಂದು ಕಿರುಚಿಕೊಂಡಿದ್ದಳು. ಹೋಟೆಲಿನ ಚೀನೀ ಮ್ಯಾನೇಜರಮ್ಮ, ವಿಲ್ಮಾ, ಅಕ್ಕಪಕ್ಕದ ಕೋಣೆಯವರು ಎಲ್ಲರೂ ಇದ್ದರು. ಪಾಪ, ವಾಸಣ್ಣ ಕೋಣೆಯಲ್ಲೇ ಇದ್ದರೂ ವಿವರಿಸುವ ಹಾಗಿರಲಿಲ್ಲ. ನೋಟ್‌ಪುಸ್ತಕದಲ್ಲಿ ಕನ್ನಡದಲ್ಲಿ ಬರೆದು ಚೀನಿಯರಿಗೆ ತೋರಿಸಿದ್ದರಂತೆ.

ನಾನು ಟವೆಲು ಸರಿಸಿ ಮದ್ದಳೆ ಹೊರಗೆ ತಂದು ಎರಡು ಪೆಟ್ಟು ಹಾಕಿ ತೋರಿಸಿದ ಮೇಲೆ ಗಲಾಟೆ ತಣ್ಣಗಾಯಿತು. ಪಕ್ಕದ ಕೋಣೆಯ, ಬೆಳಿಗ್ಗೆ ಮೊದಲು ಗಂಟಲು ಕೆರೆಯುವ ಮನುಷ್ಯ ಮುಂದೆ ಬಂದು ಮದ್ದಳೆಯ ಕಪ್ಪು ಮಧ್ಯಭಾಗವನ್ನು ಮೆಲ್ಲಗೆ ಮುಟ್ಟಿದರು. ಲಿಯು ಅಂತ ಹೆಸರು. ಬಾಗಿಲಿನ ಚಿಲಕ, ಹಿಡಿಗಳ ವ್ಯಾಪಾರ. ನಮ್ಮಷ್ಟೇ ವಯಸ್ಸಾಗಿರಬೇಕು. ವಿಲ್ಮಾ ತನ್ನ ಫೋನಿನಲ್ಲಿ ವಾಸಣ್ಣನ ಹಳೆಯ ಆಟದ ಒಂದು ವಿಡಿಯೋ ಹುಡುಕಿ ಅವರಿಗೆ ತೋರಿಸಿದಳು. ಲಿಯು ವಿಡಿಯೋ ನೋಡಿದರು, ವಾಸಣ್ಣನನ್ನು ನೋಡಿದರು, ಆಮೇಲೆ ತಮ್ಮ ಗಂಟಲಿನ ಮೇಲೆ ಬೆರಳಿಟ್ಟು ಪ್ರಶ್ನೆಯ ಹಾಗೆ ಹುಬ್ಬು ಎತ್ತಿದರು. ಹರೀಶಣ್ಣನಿಗೆ ಹೊಳೆಯದ್ದು ಭಾಷೆಯೇ ಬಾರದ ಆ ಮನುಷ್ಯನಿಗೆ ಹೊಳೆದಿತ್ತು. ವಾಸಣ್ಣ ಹೌದೆಂದು ತಲೆಯಾಡಿಸಿದರು.

ಸಂಜೆ ಲಿಯು ಒಂದು ಪೊಟ್ಟಣ ತಂದುಕೊಟ್ಟರು. ಒಣಗಿ ಸುಕ್ಕುಗಟ್ಟಿದ, ಜಾಯಿಕಾಯಿಗಿಂತ ಸಣ್ಣ ಕಂದು ಬೀಜಗಳು. ಒಂದನ್ನು ಬಿಸಿನೀರಿಗೆ ಹಾಕಿದರೆ ಅದು ಉಬ್ಬಿ ಉಬ್ಬಿ ಲೋಟದ ತುಂಬ ಕಂದು ಲೋಳೆಯಾಯಿತು. ಅವರ ಊರಿನ ಹಾಡುಗಾರರು ಇದನ್ನೇ ಕುಡಿಯುವುದಂತೆ, ಮ್ಯಾನೇಜರಮ್ಮ ಇಂಗ್ಲಿಷಿನಲ್ಲಿ ಹೇಳಿದಳು. ನೋಡಲು ಚೆನ್ನಾಗಿರಲಿಲ್ಲ. ವಾಸಣ್ಣ ಕಣ್ಣು ಮುಚ್ಚಿ ಕುಡಿದು ನೋಟ್‌ಪುಸ್ತಕ ತೆಗೆದರು: "ತಂಪು ಉಂಟು." ಆವತ್ತಿನಿಂದ ದಿನಕ್ಕೆ ಎರಡು ಸಲ ಲಿಯು ಬಾಗಿಲು ಬಡಿಯುತ್ತಿದ್ದರು, ಕುಡಿದರೋ ಇಲ್ಲವೋ ಎಂದು ಲೋಟ ನೋಡಿ ಹೋಗುತ್ತಿದ್ದರು.

ದುಬೈ, ಬುಧವಾರ

ಆಟದ ಮುಂಚಿನ ಅಭ್ಯಾಸ, ಟ್ರಯಲ್, ಇದ್ದದ್ದು ದುಬೈಯಲ್ಲಿ, ಒಬ್ಬ ವೇಷಧಾರಿಯ ಫ್ಲ್ಯಾಟಿನಲ್ಲಿ. ದಾರಿಯುದ್ದಕ್ಕೂ ಹರೀಶಣ್ಣ ಕಟ್ಟಡಗಳ ಹೆಸರು ಹೇಳುತ್ತಿದ್ದರು. ಎಲ್ಲವೂ ನಿನ್ನೆ ಪ್ಲಾಸ್ಟಿಕ್ ಕವರು ತೆಗೆದ ಹಾಗೆ ಹೊಳೆಯುತ್ತಿದ್ದವು. ಅದನ್ನೆಲ್ಲ ನೋಡುವ ಮನಸ್ಸೇ ನನಗಿರಲಿಲ್ಲ. ನಾಡಿದ್ದಿನ ಆಟ ತಲೆಯಲ್ಲಿ ಕೂತಿತ್ತು.

ಟ್ರಯಲಿಗೆ ವಾಸಣ್ಣ ಹಾಡುವಂತಿಲ್ಲವಲ್ಲ, ಅವರ ಬದಲು ಪ್ರಶಾಂತ ಎಂಬ ಯುವಕ ಹಾಡಿದ. ಬಂಟ್ವಾಳದ ಕಡೆಯವನು, ದುಬೈಯ ಒಂದು ಆಫೀಸಿನಲ್ಲಿ ಕೆಲಸ. ಸ್ವರ ತೆಳ್ಳಗೆ, ಆದರೆ ತಾಳ ಗಟ್ಟಿ. ಮುಗಿದ ಮೇಲೆ ವಾಸಣ್ಣನ ಕಾಲು ಮುಟ್ಟಿ, "ಭಾಗವತರೇ, ನಿಮಗೆ ಆಯಾಸ ಆಗುದು ಬೇಡ. ಮೊದಲಿನ ಅರ್ಧ ಬೇಕಾದ್ರೆ ನಾನು ಪದ ಹೇಳ್ತೇನೆ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ವಾಸಣ್ಣ ನೋಟ್‌ಪುಸ್ತಕದಲ್ಲಿ ಏನೋ ಬರೆದು, ಹರಿದು, ಮತ್ತೆ ಬರೆದರು: "ನನಗೆ ಇದೊಂದು ಪೂರ್ತಿ ಬೇಕು." ಪ್ರಶಾಂತನಿಗೆ ಅರ್ಥವಾಗಲಿಲ್ಲ. ನನಗೆ ಮುಖ ಎತ್ತಿ ಅವರನ್ನು ನೋಡಲಾಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ನಾನು ಲೆಕ್ಕ ಹಾಕುತ್ತ ಕೂತೆ. ಇಪ್ಪತ್ತಮೂರು ವರ್ಷ ಈ ಮನುಷ್ಯನ ಸ್ವರ ನನ್ನ ಎಡಗಿವಿಯಲ್ಲಿತ್ತು. ನಾಡಿದ್ದು ಮೂರು ಗಂಟೆ ಹೊತ್ತಿನ ಆಟ, ಅಲ್ಲಿಗೆ ಮುಗಿಯಿತು. ಆಮೇಲೆ ಬೇರೆ ಯಾರದೋ ಪಕ್ಕ ಕೂತು ಬಾರಿಸಬೇಕು.

ಗುರುವಾರ ಬೆಳಿಗ್ಗೆ, ತಿಂಡಿಯ ಹಾಲ್

ಆ ಬೆಳಿಗ್ಗೆ ಪಕ್ಕದ ಕೋಣೆಯಿಂದ ಸದ್ದು ಬರಲಿಲ್ಲ.

ಹಾಲಿಗೆ ಹೋದಾಗ ಇಪ್ಪತ್ತು ಇಪ್ಪತ್ತೈದು ಜನರಿದ್ದರು, ಆದರೆ ದಿನದ ಗದ್ದಲ ಇಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಲಿಯು ಕೂತಿದ್ದರು. ಮುಂದೆ ಗಂಜಿ ಆರಿ ಕೆನೆಗಟ್ಟಿತ್ತು. ಮ್ಯಾನೇಜರಮ್ಮ ಅವರ ಹಿಂದೆ ಸುಮ್ಮನೆ ನಿಂತಿದ್ದಳು. ವಿಲ್ಮಾ ನಮ್ಮ ಹತ್ತಿರ ಬಂದು ತಗ್ಗಿದ ಸ್ವರದಲ್ಲಿ, "ಅವರ ತಾಯಿ ಹೋದರಂತೆ ಸರ್, ಊರಲ್ಲಿ. ಸಂಜೆಯ ಫ್ಲೈಟ್ ಸಿಕ್ಕಿದೆ. ಹೇಗೆ ಹೋದ್ರೂ ಮಣ್ಣು ಮಾಡುವ ಹೊತ್ತಿಗೆ ಮುಟ್ಟುದಿಲ್ಲ ಅಂತ," ಎಂದಳು.

ವಾಸಣ್ಣ ಗಂಜಿಯ ಬಟ್ಟಲನ್ನು ದೂರ ಸರಿಸಿದರು. ಆಮೇಲೆ ನೋಟ್‌ಪುಸ್ತಕ ತೆಗೆದು ಬರೆದು ನನ್ನ ಕಡೆ ತಿರುಗಿಸಿದರು: "ಮದ್ದಳೆ ತಾ."

"ಬೇಡ ವಾಸಣ್ಣ," ಎಂದೆ. "ನಾಳೆ ಆಟ ಉಂಟು. ಡಾಕ್ಟ್ರು ಎಂತ ಹೇಳಿದ್ದಾರೆ?"

ಅವರು ಬರೆದದ್ದರ ಕೆಳಗೆ ಗೆರೆ ಎಳೆದರು. ಮತ್ತೆ ಬರೆದರು: "ಒಂದು ಪದ."

ನಾನು ಲಿಫ್ಟಿನಲ್ಲಿ ಎಂಟನೇ ಮಹಡಿಗೆ ಹೋದೆ. ಹೆದರಿಕೆ ಇತ್ತು, ಅದು ನಿಜ. ಆದರೆ ಒಳಗೊಳಗೆ ಖುಷಿಯೂ ಆಗುತ್ತಿತ್ತು, ಅದನ್ನು ಮುಚ್ಚಿಟ್ಟು ಬರೆಯಲಾರೆ. ಎರಡು ವಾರದಿಂದ ಕೇಳದ ಸ್ವರ ಕೇಳುತ್ತೇನಲ್ಲ ಎಂಬ ಖುಷಿ. ಮದ್ದಳೆ, ಶ್ರುತಿ ಪೆಟ್ಟಿಗೆ ಎರಡನ್ನೂ ಹೊತ್ತು ಇಳಿದೆ.

ವಾಸಣ್ಣ ಲಿಯು ಅವರ ಎದುರು ಕುರ್ಚಿ ಹಾಕಿ ಕೂತರು. ಜಾಗಟೆ ಕೋಣೆಯಲ್ಲೇ ಇತ್ತು, ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿದರು. ಮಗನನ್ನು ಕಾಣದ ತಾಯಿ ದುಃಖಿಸುವ ಒಂದು ಪದ, ನೀಲಾಂಬರಿ ರಾಗದಲ್ಲಿ, ವಿಳಂಬದಲ್ಲಿ. ಮೊದಲ ಸಾಲಿಗೆ ಸ್ವರ ಸ್ವಲ್ಪ ಕರಕರ ಎಂದಿತು. ಎರಡನೆಯ ಸಾಲಿಗೆ ತೆರೆಯಿತು. ಅಷ್ಟು ದಿನದ ಮೌನದ ಹಿಂದೆ ಅದು ಹಾಗೇ ಉಳಿದಿತ್ತು, ಇಪ್ಪತ್ತು ವರ್ಷ ಹಿಂದಿನ ಸ್ವರ. ಲಿಯು ಮುಖ ಮುಚ್ಚಿಕೊಳ್ಳಲಿಲ್ಲ, ನೆಟ್ಟಗೆ ಕೂತು ಕಣ್ಣೀರು ಒರೆಸದೆ ಕೇಳಿದರು. ಸಾವಿನ ಹೊತ್ತು ಎಂದೋ ಏನೋ, ವಿಡಿಯೋ ತೆಗೆಯಲು ಒಬ್ಬನೂ ಫೋನು ಎತ್ತಿ ಹಿಡಿಯಲಿಲ್ಲ.

ಪದ ಮುಗಿಯುತ್ತ ಬಂತು. ಇಲ್ಲಿ ಒಂದು ವಿಷಯ ಹೇಳಬೇಕು. ಪದದ ಕೊನೆಗೆ ಮದ್ದಳೆಯವನು ಒಂದು ಮುಕ್ತಾಯ ಬಾರಿಸುತ್ತಾನೆ. ಅದು ಬಿದ್ದರೆ ಭಾಗವತರು ನಿಲ್ಲುತ್ತಾರೆ. ಅದನ್ನು ಕೊಡದೆ ಲಯ ಹಿಡಿದು ಮುಂದಿನ ತಾಳಕ್ಕೆ ಹೊರಳಿಸಿದರೆ, ಹಾಡುವ ಹುಚ್ಚಿನಲ್ಲಿರುವ ಭಾಗವತ ಅದರ ಬೆನ್ನಿಗೇ ಹೋಗುತ್ತಾನೆ. ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ನಮ್ಮಿಬ್ಬರ ನಡುವಿನ ಲೆಕ್ಕ ಅದು.

ನಾನು ಮುಕ್ತಾಯ ಕೊಡಲಿಲ್ಲ.

ಕೈ ತಾನಾಗಿ ಹೋಯಿತು ಎಂದು ಬೇರೆಯವರಿಗೆ ಹೇಳಬಹುದು. ನಾನೇ ಹೊರಳಿಸಿದೆ. ವಾಸಣ್ಣ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ನಕ್ಕು ಏಕತಾಳಕ್ಕೆ ಎತ್ತಿಕೊಂಡರು. ಮೋಹನ, ಮಧ್ಯಮಾವತಿ, ಆಮೇಲೆ ಯುದ್ಧದ ಏರುಪದಗಳು, ಒಂದರ ಮೇಲೆ ಒಂದು. ಅಡಿಗೆಯವರು ಟೊಪ್ಪಿ ತೆಗೆದು ಬಾಗಿಲಲ್ಲಿ ನಿಂತರು. ಗಾಜಿನ ಲೋಟಗಳು ಗುಂಯ್‌ಗುಟ್ಟಿದವು. ವಿಲ್ಮಾ ಕೌಂಟರಿಗೆ ಹಿಂದಿರುಗದೆ ಗೋಡೆಗೆ ಒರಗಿ ಅಳುತ್ತಿದ್ದಳು. ನಾನು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಾರಿಸಿಲ್ಲ, ಅವರೂ ಅಷ್ಟು ಚೆನ್ನಾಗಿ ಹಾಡಿದ್ದನ್ನು ಕೇಳಿಲ್ಲ. ಮುಕ್ಕಾಲು ಗಂಟೆ. ಮೊದಲ ಪದ ಲಿಯು ಅವರಿಗಾಯಿತು. ಉಳಿದದ್ದೆಲ್ಲ ನಾನು ನನಗಾಗಿ ಹಾಡಿಸಿಕೊಂಡದ್ದು.

ಕೊನೆಗೆ ಅವರೇ ಕೈ ಎತ್ತಿ ನಿಲ್ಲಿಸಿದರು. ಲಿಯು ಎದ್ದು ಸೊಂಟ ಬಗ್ಗಿಸಿ ನಮಸ್ಕರಿಸಿದ ಮೇಲೆ ಇಡೀ ಹಾಲು ಎದ್ದು ಬಗ್ಗಿತು. ಕೋಣೆಗೆ ಬಂದು ವಾಸಣ್ಣ ನೀರು ಕುಡಿದರು, ಕೆಮ್ಮಿದರು, ಮಲಗಿದರು. ನೋಟ್‌ಪುಸ್ತಕ ಜೇಬಿನಿಂದ ಹೊರಗೆ ಬರಲಿಲ್ಲ.

ಮುಸಫ್ಫಾ, ಶುಕ್ರವಾರ

ಆಟ ಇದ್ದದ್ದು ಮುಸಫ್ಫಾದ ಒಂದು ಶಾಲೆಯ ಸಭಾಂಗಣದಲ್ಲಿ, ಮಧ್ಯಾಹ್ನ ಮೂರಕ್ಕೆ. ರಜೆಯ ದಿನ. ಕ್ಯಾಂಪುಗಳಿಂದ ಕಂಪೆನಿ ಬಸ್ಸುಗಳಲ್ಲಿ, ದೂರದ ಊರುಗಳಿಂದ ಕಾರುಗಳಲ್ಲಿ ಜನ ಬಂದಿದ್ದರು. ಮಲ್ಲಿಗೆ ಮುಡಿದ ಹೆಂಗಸರು, ಅಜ್ಜಿಯ ತುಳುವಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು. ಒಬ್ಬರು ನನ್ನ ಕೈ ಹಿಡಿದು, "ವಾಸು ಭಾಗವತರ ಪದ ಎದುರಿಗೆ ಕೂತು ಕೇಳದೆ ಹದಿನೈದು ವರ್ಷ ಆಯ್ತು ಮಾರಾಯ್ರೆ. ಇವತ್ತಿಗೆಂತಲೇ ಡ್ಯೂಟಿ ಚೇಂಜ್ ಮಾಡಿ ಬಂದದ್ದು," ಎಂದರು. ನಾನು ಕೈ ಬಿಡಿಸಿಕೊಂಡು ಚೌಕಿಗೆ, ಬಣ್ಣ ಹಚ್ಚುವ ಕೋಣೆಗೆ, ಹೋದೆ.

ಗಣಪತಿ ಸ್ತುತಿ ಹೇಗೋ ದಾಟಿತು. ಮೊದಲನೆಯ ವೇಷ ಪ್ರವೇಶವಾಗುವಾಗ ಮೇಲಿನ ಷಡ್ಜಕ್ಕೆ ಹೋದ ಸ್ವರ ಅಲ್ಲಿ ಎರಡಾಗಿ ಸೀಳಿತು. ನಾನು ಜೋರಾಗಿ ಬಾರಿಸಿ ಮುಚ್ಚಿದೆ. ಎರಡನೆಯ ಪದಕ್ಕೆ ಬಾಯಿ ತೆರೆದರು, ಗಾಳಿ ಮಾತ್ರ ಬಂತು. ರಂಗದಲ್ಲಿ ವೇಷಧಾರಿ ಹೆಜ್ಜೆ ಹಾಕುತ್ತ ಕಾಯುತ್ತಿದ್ದ. ಮೈಕಿನಲ್ಲಿ ಆ ಗಾಳಿಯ ಸದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಯಾರೂ ನಗಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತು.

ನಾನು ಮುಕ್ತಾಯ ಕೊಟ್ಟೆ. ವಾಸಣ್ಣ ಜಾಗಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಂದೆ ನಿಂತಿದ್ದ ಪ್ರಶಾಂತನ ಕಡೆ ಚಾಚಿದರು. ಅವನು ಮೊದಲು ಮುಟ್ಟಲಿಲ್ಲ, ಅಳು ಬಂದು ಹಿಂದೆ ಸರಿದ. ಅವರು ಚಾಚಿದ ಕೈ ಇಳಿಸಲಿಲ್ಲ. ಆಮೇಲೆ ಅವನು ಕೂತು ಹಾಡಿದ, ಚೆನ್ನಾಗಿಯೇ ಹಾಡಿದ, ಆಟ ಮುಗಿಯಿತು. ಅಷ್ಟೂ ಹೊತ್ತು ವಾಸಣ್ಣ ರಂಗದ ಬದಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು.

ಹೋಟೆಲಿಗೆ ಹಿಂದಿರುಗಿದಾಗ ಕೌಂಟರಿನಲ್ಲಿ ವಿಲ್ಮಾ, "ಹೇಗಾಯ್ತು ಸರ್ ಪ್ರೋಗ್ರಾಂ? ನಿನ್ನೆಯ ಹಾಗೇ ಹೇಳಿದ್ರಾ?" ಎಂದು ಕೇಳಿದಳು. ಅವಳಿಗೆ ಗೊತ್ತಿರಲಿಲ್ಲ. ನಾನು ಬೀಗದ ಕಾರ್ಡು ತೆಗೆದುಕೊಂಡು ಲಿಫ್ಟಿನ ಕಡೆ ನಡೆದೆ. ಊರಿನ ವಿಮಾನ ಹತ್ತುವ ಮೊದಲೇ ಆ ಸೀಳಿದ ಸ್ವರದ ವಿಡಿಯೋ ನನ್ನ ಫೋನಿಗೆ ಏಳು ಕಡೆಯಿಂದ ಬಂದಿತ್ತು. ಅದರ ಕೆಳಗೆ ಯಾರೋ ಬರೆದಿದ್ದರು, ವಯಸ್ಸಾದ ಮೇಲೆ ನಿಲ್ಲಿಸಬೇಕಿತ್ತು ಎಂದು.

ಮಂಗಳೂರು, ಆಸ್ಪತ್ರೆ

ಬಂದ ನಾಲ್ಕನೇ ದಿನ ಆಪರೇಷನ್. ಡಾಕ್ಟರರು ಹೊರಗೆ ಬಂದು, ಗಂಟು ತೆಗೆದಾಯಿತು, ಕೆಟ್ಟದ್ದೇನೂ ಅಲ್ಲ, ಎರಡು ತಿಂಗಳಲ್ಲಿ ಮಾತು ಬರುತ್ತದೆ ಎಂದರು. ಹಾಡು ಎಂದು ಕೇಳಿದೆ. ಅವರು ಇಲ್ಲ ಎಂದು ತಲೆಯಾಡಿಸಿ ಹೋದರು. ಬೆಂಚಿನ ಮೇಲೆ ಸರೋಜಕ್ಕ ಮತ್ತು ನಾನು ಇಬ್ಬರೇ ಉಳಿದೆವು.

"ವಿಡಿಯೋ ನೋಡಿದೆ," ಎಂದರು ಸರೋಜಕ್ಕ.

ಆಗ ನಾನು ಎಲ್ಲವನ್ನೂ ಹೇಳಿದೆ. ಲಿಯು, ಬೀಜ, ಗುರುವಾರ ಬೆಳಿಗ್ಗೆ. ಯಾವ ಪದ ಎಂದು ಕೇಳಿದರು. ಹೇಳಿದೆ. ಆಮೇಲೆ ಯಾವುದು ಎಂದರು. ಅದನ್ನೂ ಹೇಳಿದೆ. ಅವರಿಗೆ ವಾಸಣ್ಣನ ಪ್ರತಿಯೊಂದು ಪದವೂ ಗೊತ್ತು. ಆದರೆ ಮನೆ, ಮಕ್ಕಳು, ಅತ್ತೆ ಎಂದು ರಾತ್ರಿಯಿಡೀ ನಡೆಯುವ ಆಟಕ್ಕೆ ಹೋಗಿ ಕೂರಲು ಅವರಿಗೆ ಎಂದೂ ಆಗಿದ್ದಿಲ್ಲ. ವಾಸಣ್ಣ ಮನೆಯಲ್ಲಿ ಅಭ್ಯಾಸಕ್ಕೆ ಗುನುಗಿದ್ದನ್ನು ಕೇಳಿ ಕಲಿತದ್ದೇ ಎಲ್ಲ.

"ಒಂದು ಪದ ಆದ ಮೇಲೆ ನಿನಗೆ ನಿಲ್ಲಿಸ್ಲಿಕ್ಕೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು."

"ಮತ್ತೆ?"

"ನನಗೆ ಇನ್ನೂ ಕೇಳ್ಬೇಕು ಅಂತ ಆಯ್ತು ಅಕ್ಕ."

ಸರೋಜಕ್ಕ ಬೈಯುತ್ತಾರೆ ಎಂದು ಕಾದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದರು.

"ನನಗೂ ಕೇಳ್ಬೇಕಿತ್ತು," ಎಂದರು.